ಪೇಸ್ಟ್ ಪಂಡಿತರೂ 86 ಡಿಗ್ರಿಯೂ

ನನ್ನ ಕಂಪ್ಯೂಟರಿನಲ್ಲಿ ಪರದೆಯ ಚಿತ್ರಗಳನ್ನು ಬರೆಯುವ ಗ್ರಾಫಿಕ್ಸ್ ಕಾರ್ಡಿಗೆ ಜ್ವರ ಬಂದಿದೆ ಎಂಬ ಸುದ್ದಿ ಹೇಗೆ ಹಬ್ಬಿತೋ ತಿಳಿಯದು; ಭಾನುವಾರ ಬೆಳಗಾಗುವಷ್ಟರಲ್ಲಿ ಮೂವರು ವೈದ್ಯರು ಕರೆಯದೆಯೇ ಬಂದು ನನ್ನ ಕೋಣೆಯಲ್ಲಿ ಕುಳಿತಿದ್ದರು. ಮೊದಲನೆಯವರು ಭೌತಶಾಸ್ತ್ರದ ಮೇಷ್ಟ್ರು. ಅಳೆಯದೆ ಯಾವುದನ್ನೂ ನಂಬುವವರಲ್ಲ. ಎರಡನೆಯವರು ವಕೀಲರು, ಅಳೆದದ್ದನ್ನೂ ನಂಬುವವರಲ್ಲ. ಮೂರನೆಯವರನ್ನು ನಾವು ಪೇಸ್ಟ್ ಪಂಡಿತರೆಂದು ಕರೆಯುತ್ತೇವೆ. ಕಂಪ್ಯೂಟರ್ ಬಿಸಿಯಾದರೂ ಪೇಸ್ಟ್ ಬದಲಿಸಿ, ನಿಧಾನವಾದರೂ ಪೇಸ್ಟ್ ಬದಲಿಸಿ, ಮೌಸ್ ಓಡಾಡದಿದ್ದರೂ ಒಮ್ಮೆ ಪೇಸ್ಟ್ ಬದಲಿಸಿ ನೋಡಿ ಎನ್ನುವುದು ಅವರ ಏಕಮೂಲಿಕಾ ವೈದ್ಯ. ಅಂದು ಅವರು ಜೇಬಿನಲ್ಲಿ ಥರ್ಮಲ್ ಪೇಸ್ಟಿನ ಸಿರಿಂಜನ್ನೂ ಸಣ್ಣ ಸ್ಕ್ರೂಡ್ರೈವರನ್ನೂ ಇಟ್ಟುಕೊಂಡೇ ಬಂದಿದ್ದರು.

“ಮೊದಲು ಲಕ್ಷಣ ಹೇಳಿ” ಎಂದರು ಮೇಷ್ಟ್ರು.

ಆಟ ಆರಂಭಿಸಿದ ಹತ್ತು ನಿಮಿಷ ಎಲ್ಲವೂ ಸುಸೂತ್ರವಾಗಿರುತ್ತದೆ. ಆಮೇಲೆ ಪೆಟ್ಟಿಗೆಯೊಳಗಿಂದ ವಿಮಾನ ಮೇಲೇಳುವ ಸದ್ದು ಬರುತ್ತದೆ, ಪರದೆಯ ಮೇಲೆ ನಾಗಾಲೋಟದಲ್ಲಿದ್ದ ಕುದುರೆ ಮದುವೆಯ ಮೆರವಣಿಗೆಗೆ ಹೊರಟಂತೆ ನಿಂತು ನಿಂತು ಹೆಜ್ಜೆ ಇಡುತ್ತದೆ ಎಂದು ನಾನು ವಿವರಿಸಿದೆ. ಮೇಷ್ಟ್ರು ಕಾರ್ಡಿನ ನಾಡಿ ಹಿಡಿದು ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆಸಿ, ಆಟವನ್ನು ಹಚ್ಚಿಸಿ, ಕೈಕಟ್ಟಿ ಕುಳಿತರು. ಹತ್ತು ನಿಮಿಷಕ್ಕೆ ಕಾರ್ಡಿನ ತಾಪ 86 ಡಿಗ್ರಿ ಮುಟ್ಟಿತು, 1900 ಮೆಗಾಹರ್ಟ್ಸ್ ಇದ್ದ ವೇಗ ಮೆಟ್ಟಿಲಿಳಿಯುತ್ತ 1500ಕ್ಕೆ ಬಂತು, ವೇಗ ತಗ್ಗಿದ್ದಕ್ಕೆ ಕಾರಣ ತಿಳಿಸುವ ಸಾಲಿನಲ್ಲಿ ‘ಥರ್ಮಲ್’ ಎಂಬ ಪದ ಮೂಡಿತು.

“ಇದು ಕಾರ್ಡಿನ ತಪ್ಪಲ್ಲ, ಅದರ ವಿವೇಕ” ಎಂದರು ಮೇಷ್ಟ್ರು. “ಬಹುತೇಕ ಕಾರ್ಡುಗಳು ದುಡಿಯುವಾಗ 65ರಿಂದ 80 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತವೆ. ಅದನ್ನು ಮೀರಿ ಹೋದಾಗ ತಾನು ಸುಟ್ಟುಹೋಗುವುದಕ್ಕಿಂತ ನಿಧಾನವಾಗುವುದೇ ಮೇಲು ಎಂದು ಅದೇ ತನ್ನ ವೇಗವನ್ನು ಇಳಿಸಿಕೊಳ್ಳುತ್ತದೆ. ನಮ್ಮಲ್ಲಿ ಕೆಲವರಿಗೆ ಮಾತಿನ ವಿಷಯದಲ್ಲಿ ಈ ವ್ಯವಸ್ಥೆ ಇಲ್ಲ.” ಅವರು ಯಾರನ್ನೂ ನೋಡದೆ ಈ ಮಾತನ್ನು ಹೇಳಿದ್ದರಿಂದ ನಾವು ಮೂವರೂ ಅದು ಉಳಿದ ಇಬ್ಬರನ್ನು ಕುರಿತದ್ದೆಂದು ತಿಳಿದು ಸಮಾಧಾನದಿಂದಿದ್ದೆವು.

ಪಂಡಿತರು ಸ್ಕ್ರೂಡ್ರೈವರ್ ಹೊರತೆಗೆದರು. “ಸಂಶಯವೇ ಇಲ್ಲ, ಪೇಸ್ಟ್ ಒಣಗಿದೆ. ಚಿಪ್ಪಿಗೂ ಅದರ ಮೇಲಿನ ಲೋಹದ ಹೀಟ್‌ಸಿಂಕಿಗೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಆ ಸಂದುಗಳಲ್ಲಿ ಗಾಳಿ ಕೂತರೆ ಶಾಖ ದಾಟುವುದಿಲ್ಲ ಎಂದೇ ಪೇಸ್ಟ್ ಹಚ್ಚುವುದು. ಕಾರ್ಡು ಕಾದು ತಣಿದು, ಮತ್ತೆ ಕಾದು ತಣಿದು, ವರ್ಷಗಳು ಕಳೆದಂತೆ ಆ ಪೇಸ್ಟ್ ಅಂಚಿಗೆ ಸರಿದುಹೋಗುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಕೆಲಸ ಮುಗಿಯಿತು.”

“ವಾರಂಟಿಯೂ ಮುಗಿಯಿತು” ಎಂದರು ವಕೀಲರು. “ಸ್ಕ್ರೂವಿನ ಮೇಲೆ ಅಂಟಿಸಿರುವ ಆ ಪುಟ್ಟ ಚೀಟಿಯನ್ನು ನೋಡಿದ್ದೀರಾ? ಅದನ್ನು ಹರಿಯುವ ಮುನ್ನ ಷರತ್ತುಗಳನ್ನು ಓದಬೇಕು. ಅದಿರಲಿ, ನಿಮ್ಮ ಕಕ್ಷಿದಾರ ಪೇಸ್ಟೇ ಅಪರಾಧಿ ಎನ್ನುವುದಕ್ಕೆ ಸಾಕ್ಷಿ ಏನು?”

ಪೇಸ್ಟ್ ನನ್ನ ಕಕ್ಷಿದಾರನಲ್ಲ, ಆರೋಪಿ ಎಂದು ಪಂಡಿತರು ತಿದ್ದಿದರು. ಆರೋಪಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವರನ್ನು ಏನೆಂದು ಕರೆಯಬೇಕು ಎಂದು ವಕೀಲರು ಕೇಳಿದರು. ಈ ವಾದ ಕಾಲು ಗಂಟೆ ನಡೆಯಿತು. ಅಷ್ಟು ಹೊತ್ತೂ ಆಟವನ್ನು ನಿಲ್ಲಿಸುವುದನ್ನು ಮರೆತದ್ದರಿಂದ ಕಾರ್ಡು 86ರಲ್ಲೇ ಕುದಿಯುತ್ತಿತ್ತು.

ಸಾಕ್ಷಿಯನ್ನು ಒದಗಿಸಿದವರು ಮೇಷ್ಟ್ರೇ. ಚಿಪ್ಪಿನ ಸರಾಸರಿ ತಾಪವಲ್ಲದೆ ಅದರ ಅತ್ಯಂತ ಬಿಸಿ ಜಾಗದ ತಾಪವನ್ನೂ ಹಾಟ್‌ಸ್ಪಾಟ್ ಎಂಬ ಹೆಸರಿನಲ್ಲಿ ಅನೇಕ ಕಾರ್ಡುಗಳು ತೋರಿಸುತ್ತವೆ. ಪೇಸ್ಟ್ ಒಣಗಿದ್ದರೆ, ಅಥವಾ ಹೀಟ್‌ಸಿಂಕ್ ಸರಿಯಾಗಿ ಕೂರದಿದ್ದರೆ, ಈ ಎರಡರ ಅಂತರ ಹಿಗ್ಗಿ 25, 30 ಡಿಗ್ರಿಗೂ ಹೋಗುವುದುಂಟು. ನನ್ನ ಕಾರ್ಡಿನ ಹಾಟ್‌ಸ್ಪಾಟ್ 99 ಇತ್ತು. ಅಂತರ ಬರೀ 13. “ಅಂದರೆ ಚಿಪ್ಪಿನಿಂದ ಲೋಹಕ್ಕೆ ಶಾಖ ಸರಾಗವಾಗಿ ದಾಟುತ್ತಿದೆ, ಲೋಹದಿಂದ ಆಚೆಗೆ ಹೋಗಲು ದಾರಿ ಸಿಗುತ್ತಿಲ್ಲ” ಎಂದು ಮೇಷ್ಟ್ರು ತೀರ್ಪಿತ್ತರು. ಸಿರಿಂಜ್ ಜೇಬಿಗೆ ಮರಳಿತು. ಕೈಗೆ ಬಂದ ರೋಗಿ ಕತ್ತಿಯ ಕೆಳಗಿಂದ ಎದ್ದು ಹೋದಾಗ ಶಸ್ತ್ರವೈದ್ಯನ ಮುಖ ಹೇಗಿರುತ್ತದೆಂದು ನಾನು ಅಂದು ಕಂಡೆ.

ಸೋಲೊಪ್ಪಲು ಪಂಡಿತರು ಸಿದ್ಧರಿರಲಿಲ್ಲ. ಒಳಗಿನ ದೋಷವೂ ಇರಬಹುದಲ್ಲ, 2022ರ ಡಿಸೆಂಬರಿನಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡುಗಳಲ್ಲಿ ಕೆಲವು ಹಾಟ್‌ಸ್ಪಾಟ್ 110ಕ್ಕೆ ತಾಗಿ ನರಳಿದಾಗ, ಶಾಖ ಸಾಗಿಸುವ ವೇಪರ್ ಚೇಂಬರಿನೊಳಗೆ ನೀರೇ ಸಾಲದೆಂದು ಅವುಗಳ ತಯಾರಕರಾದ ಎಎಂಡಿಯವರೇ ಮುಂದಿನ ತಿಂಗಳು ಒಪ್ಪಿಕೊಳ್ಳಲಿಲ್ಲವೇ ಎಂದು ಕೇಳಿದರು. ಆ ಕಾಯಿಲೆಯಲ್ಲಿಯೂ ಹಿಗ್ಗಿದ್ದು ಹಾಟ್‌ಸ್ಪಾಟಿನ ಅಂತರವೇ ಎಂದು ಮೇಷ್ಟ್ರು ಹೇಳಿದ ಮೇಲೆ ಅವರು ಸುಮ್ಮನಾದರು.

ಆಗ ವಕೀಲರು, ಕಂಪ್ಯೂಟರಿನ ವಿಷಯದಲ್ಲಿ ತಮಗೆ ಏನೂ ತಿಳಿಯದೆಂದು ದಿನಕ್ಕೊಮ್ಮೆ ಹೆಮ್ಮೆಯಿಂದ ಹೇಳಿಕೊಳ್ಳುವವರು, ಪೆಟ್ಟಿಗೆಯ ಪಕ್ಕದ ಹಲಗೆಯನ್ನು ತೆಗೆದರೆ ಏನಾಗುತ್ತದೆ ಎಂದು ಕೇಳಿದರು. ತೆಗೆದೆವು. ಐದೇ ನಿಮಿಷದಲ್ಲಿ 86 ಇದ್ದದ್ದು 75ಕ್ಕೆ ಇಳಿಯಿತು. ಬಾಗಿಲು ತೆರೆದ ಕೂಡಲೇ ಜ್ವರ ಇಳಿಯುವುದಾದರೆ ರೋಗ ಕಾರ್ಡಿನದಲ್ಲ, ಮನೆಯದು ಎಂದು ನಾಲ್ವರಿಗೂ ಒಮ್ಮೆಗೇ ಅರ್ಥವಾಯಿತು. ಹಾಗಾದರೆ ಹಲಗೆ ತೆಗೆದೇ ಇಟ್ಟು ಪಕ್ಕದಲ್ಲೊಂದು ಟೇಬಲ್ ಫ್ಯಾನ್ ನಿಲ್ಲಿಸಿದರಾಯಿತು ಎಂದು ನಾನು ಸೂಚಿಸಿದಾಗ, ಮೂವರೂ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಧೂಳು ನೇರವಾಗಿ ಒಳಗೆ ಬಂದು ಕೂರುತ್ತದೆ, ಅದು ತಾತ್ಕಾಲಿಕ ಪರೀಕ್ಷೆಗೆ ಸರಿ, ಸಂಸಾರಕ್ಕೆ ಸರಿಯಲ್ಲ ಎಂದಷ್ಟೇ ಮೇಷ್ಟ್ರು ಹೇಳಿದರು.

ಪೆಟ್ಟಿಗೆಯ ಮುಂಭಾಗ ಬಿಚ್ಚಿದಾಗ ಅಲ್ಲಿದ್ದ ಜಾಲರಿ ಜಾಲರಿಯಾಗಿ ಉಳಿದಿರಲಿಲ್ಲ. ಮೂರು ವರ್ಷದ ಧೂಳು, ಕೂದಲು, ನೂಲು ಎಲ್ಲ ಸೇರಿ ಬೂದು ಬಣ್ಣದ ಕಂಬಳಿಯೊಂದು ನೇಯ್ದುಕೊಂಡಿತ್ತು. ಒಂದು ಮೂಲೆ ಹಿಡಿದು ಎಳೆದರೆ ಇಡಿಯಾಗಿ ಎದ್ದು ಬಂತು. ಕಾರ್ಡಿನ ಹೀಟ್‌ಸಿಂಕಿನ ಲೋಹದ ರೆಕ್ಕೆಗಳ ಸಂದಿನಲ್ಲಿಯೂ ಅದೇ ನೇಯ್ಗೆಯ ಕರವಸ್ತ್ರಗಳಿದ್ದವು. ಪಂಡಿತರಿಗೆ ಕೊನೆಗೂ ಕೈಗೆ ಕೆಲಸ ಸಿಕ್ಕಿತು. ಅವರು ಕರೆಂಟು ತೆಗೆಸಿ, ಕಾರ್ಡನ್ನು ಹೊರತೆಗೆದು, ಗಾಳಿಯ ಕ್ಯಾನಿನಿಂದ ಊದತೊಡಗಿದರು. ಊದುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಒತ್ತಿ ಹಿಡಿದಿದ್ದರು. ಬಿಟ್ಟರೆ ಅದು ತನ್ನ ಮಿತಿ ಮೀರಿ ಗಿರ್ರನೆ ತಿರುಗಿ ಬೇರಿಂಗ್ ಕೆಡಬಹುದಂತೆ. ಅವರು ಪೇಸ್ಟ್ ಎಂಬ ಒಂದು ಪದವನ್ನು ಮರೆತರೆ ಎಷ್ಟು ಒಳ್ಳೆಯ ಕೆಲಸಗಾರರೆಂದು ನನಗೆ ಅನಿಸಿತು.

ಇಷ್ಟಾಗಿಯೂ ತಾಪ ಇಳಿದದ್ದು 82ಕ್ಕೆ ಮಾತ್ರ. ಮೇಷ್ಟ್ರು ನನ್ನ ಮೇಜಿನಿಂದ ತೆಳ್ಳನೆಯ ಕಾಗದದ ಚೂರೊಂದನ್ನು ಹರಿದು ಪೆಟ್ಟಿಗೆಯ ಮುಂದಿನ ಫ್ಯಾನಿನ ಎದುರು ಹಿಡಿದರು. ಮುಂದಿನ ಫ್ಯಾನು ಹೊರಗಿನ ತಂಪು ಗಾಳಿಯನ್ನು ಒಳಗೆ ಸೆಳೆಯಬೇಕು, ಹಿಂದಿನದು ಒಳಗಿನ ಬಿಸಿಯನ್ನು ಹೊರಗೆ ತಳ್ಳಬೇಕು. ಆದ್ದರಿಂದ ಕಾಗದ ಜಾಲರಿಗೆ ಅಂಟಿಕೊಳ್ಳಬೇಕಿತ್ತು. ಅದು ಅವರ ಮೂಗಿನ ಕಡೆಗೆ ಹಾರಿತು.

“ಈ ಫ್ಯಾನನ್ನು ಯಾರು ಕೂರಿಸಿದ್ದು?” ಎಂದು ವಕೀಲರು ಕೇಳಿದ ಧ್ವನಿ ಪಾಟೀಸವಾಲಿನದು.

ಕೂರಿಸಿದವನು ನಾನೇ. ಫ್ಯಾನಿನ ಒಂದು ಬದಿಯಲ್ಲಿ ಮೋಟಾರನ್ನು ಹಿಡಿದಿಡುವ ಅಡ್ಡಕಡ್ಡಿಗಳೂ ತಯಾರಕರ ಹೆಸರಿನ ಚೀಟಿಯೂ ಇರುತ್ತವೆ. ಹೆಸರು ಬರೆದ ಬದಿ ಎದುರಿಗೆ ಕಾಣಬೇಕಾದದ್ದು ಮರ್ಯಾದೆಯೆಂದು ನಾನು ಅದನ್ನು ಮುಂದಕ್ಕಿಟ್ಟಿದ್ದೆ. ಸಾಮಾನ್ಯವಾಗಿ ಗಾಳಿ ಹೊರಬೀಳುವುದು ಆ ಕಡ್ಡಿಗಳಿರುವ ಬದಿಯಿಂದಲೇ ಎಂದು ಅಂದು ತಿಳಿಯಿತು. ಹೀಗೆ ಮುಂದಿನದೂ ಹಿಂದಿನದೂ ಪೈಪೋಟಿಯಲ್ಲಿ ಗಾಳಿಯನ್ನು ಹೊರಗೆಳೆಯುತ್ತಿರುವಾಗ, ನಡುವೆ ಸಿಕ್ಕ ಕಾರ್ಡು ತಾನೇ ಉಗುಳಿದ ಬಿಸಿಯನ್ನು ತಾನೇ ಮತ್ತೆ ನುಂಗುತ್ತ ಮೂರು ವರ್ಷ ಬಾಳಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ, ಆ ಫ್ಯಾನು ನೋಡಲು ಎಷ್ಟು ಚೆನ್ನಾಗಿ ಕೂತಿದೆ ಎಂದು ಇದೇ ಗೆಳೆಯರಿಗೆ ನಾನು ಹಿಂದೊಮ್ಮೆ ತೋರಿಸಿದ್ದೂ ಉಂಟು. ಅದನ್ನು ಅವರಲ್ಲಿ ಯಾರೂ ಮರೆತಿರಲಿಲ್ಲ.

ಫ್ಯಾನು ತಿರುಗಿಸಿ, ಹಲಗೆ ಮುಚ್ಚಿದೆವು. ತಾಪ 73.

ಆ ಸಂತೋಷದಲ್ಲಿ ಪಂಡಿತರು ಸದ್ದಿನ ಇತಿಹಾಸಕ್ಕೆ ಇಳಿದರು. 2003ರ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಕಾರ್ಡಿನ ಫ್ಯಾನ್ ಎಷ್ಟು ಅಬ್ಬರಿಸುತ್ತಿತ್ತೆಂದರೆ, ಜನ ಅದನ್ನು ಎಲೆ ಊದುವ ಯಂತ್ರಕ್ಕೆ ಹೋಲಿಸಿ ನಕ್ಕರು. ಕೊನೆಗೆ ಅದರ ತಯಾರಕರಾದ ಎನ್ವಿಡಿಯಾದವರೇ ತಮ್ಮನ್ನು ತಾವು ಗೇಲಿ ಮಾಡಿಕೊಳ್ಳುವ ವಿಡಿಯೊ ಒಂದನ್ನು ತಯಾರಿಸಿದರು. ತಪ್ಪನ್ನು ಒಪ್ಪಿಕೊಂಡು ನಗುವ ಗುಣ ದೊಡ್ಡದು ಎಂದು ವಕೀಲರು ನನ್ನನ್ನೇ ನೋಡುತ್ತ ಹೇಳಿದರು.

ಮೇಷ್ಟ್ರು ಇನ್ನೂ ತೃಪ್ತರಾಗಿರಲಿಲ್ಲ. ಆಟದ ಮೊದಲ ಪುಟದಲ್ಲಿ, ಏನೂ ಅಲುಗಾಡದ ಚಿತ್ರವೊಂದನ್ನು ನನ್ನ ಕಾರ್ಡು ಸೆಕೆಂಡಿಗೆ 400 ಸಲ ಬರೆಯುತ್ತಿರುವುದನ್ನು ಅವರು ಕಂಡುಹಿಡಿದರು. ನನ್ನ ಪರದೆ ತೋರಿಸಬಲ್ಲದ್ದು 60 ಸಲ. ಉಳಿದ 340 ಯಾರಿಗಾಗಿ ಎಂದು ಕೇಳಿ 60ಕ್ಕೆ ಮಿತಿ ಹಾಕಿಸಿದರು. ಆಮೇಲೆ ಆಫ್ಟರ್‌ಬರ್ನರ್ ಎಂಬ, ಕಾರ್ಡನ್ನು ನಿಯಂತ್ರಿಸುವ ತಂತ್ರಾಂಶ ತೆರೆದು ಅಂಡರ್‌ವೋಲ್ಟ್ ಮಾಡಲು, ಅಂದರೆ ಚಿಪ್ಪಿಗೆ ಹೋಗುವ ವೋಲ್ಟೇಜನ್ನು ತಗ್ಗಿಸಲು, ಕುಳಿತರು. ಚಿಪ್ಪು ಸೇವಿಸುವ ವಿದ್ಯುತ್ತಿನ ಬಹುಪಾಲು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೋಲ್ಟೇಜನ್ನು ತುಸುವೇ ತಗ್ಗಿಸಿದರೂ ಶಾಖ ಬಹಳ ತಗ್ಗುತ್ತದೆ. ಪ್ರತಿ ಚಿಪ್ಪೂ ತಡೆದುಕೊಳ್ಳಲೆಂದು ತಯಾರಕರು ಸ್ವಲ್ಪ ಹೆಚ್ಚಿಗೆಯೇ ಕೊಟ್ಟಿರುತ್ತಾರೆ. 1050 ಮಿಲಿವೋಲ್ಟಿನಿಂದ ಹಂತಹಂತವಾಗಿ ಇಳಿಸುತ್ತ ಹೋದರು. 875ರಲ್ಲಿ ಆಟ ಮುಗ್ಗರಿಸಿ ಬಿತ್ತು. 900ಕ್ಕೆ ಹಿಂತಿರುಗಿದಾಗ ಗಟ್ಟಿಯಾಗಿ ನಿಂತಿತು. 250 ವ್ಯಾಟ್ ನುಂಗುತ್ತಿದ್ದ ಕಾರ್ಡು ಮಿತಿಯಿಲ್ಲದೆ ಓಡಿಸಿದರೂ ಈಗ 205ಕ್ಕೆ ತೃಪ್ತಿಪಟ್ಟಿತು, ವೇಗವೂ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು, ತಾಪ 67ಕ್ಕೆ ಬಂತು. ಕುದುರೆ ಓಡಿತು. ವಿಮಾನ ಇಳಿಯಿತು.

ಇಷ್ಟು ನಿಶ್ಶಬ್ದವಾದ ಮೇಲೆಯೇ ನಮಗೆ ಕೋಣೆ ಬೇಯುತ್ತಿದೆ ಎಂಬುದರ ಕಡೆ ಗಮನ ಹೋದದ್ದು. ಕಾರ್ಡು ತಣ್ಣಗಾದರೂ ಕೋಣೆ ಏಕೆ ತಣ್ಣಗಾಗಲಿಲ್ಲ ಎಂದು ಪಂಡಿತರು ಸಂಶಯಪಟ್ಟರು. ಫ್ಯಾನು ಶಾಖವನ್ನು ಕೊಲ್ಲುವುದಿಲ್ಲ, ಪೆಟ್ಟಿಗೆಯಿಂದ ಕೋಣೆಗೆ ದಾಟಿಸುತ್ತದೆ ಅಷ್ಟೇ, ಆ 205 ವ್ಯಾಟ್ ಈಗಲೂ ನಮ್ಮ ನಡುವೆಯೇ ಇದೆ ಎಂದು ಮೇಷ್ಟ್ರು ವಿವರಿಸಿದರು. ಬಳಿಕ ಬೆರಳು ಮಡಿಸುತ್ತ, ಸುಮ್ಮನೆ ಕುಳಿತ ಮನುಷ್ಯನೊಬ್ಬ ಸುಮಾರು 100 ವ್ಯಾಟ್ ಶಾಖ ಸೂಸುತ್ತಾನೆ, ನಾವು ನಾಲ್ವರು ಸೇರಿ 400 ಎಂದು ಲೆಕ್ಕ ಕೊಟ್ಟರು. ಅದು ಸುಮ್ಮನೆ ಕುಳಿತವರ ಲೆಕ್ಕ, ನಾವು ಬೆಳಗಿನಿಂದ ಸುಮ್ಮನೆ ಕುಳಿತಿಲ್ಲ ಎಂದು ವಕೀಲರು ಆಕ್ಷೇಪ ಎತ್ತಿದರು.

ಪಂಡಿತರು ನಮ್ಮ ನಾಲ್ವರ ತಲೆಗಳನ್ನು ಒಂದೊಂದಾಗಿ ನೋಡಿ, ಜೇಬಿಗೆ ಕೈ ಹಾಕಿದರು.