ಕೆಜಿಎಫ್ ಗಣಿಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಬಹುದಾ?

ಬಂಗಾರಪೇಟೆ ಹುಡುಗ: ಕಾರ್ಖಾನೆಯ ಕಾರ್ಬನ್ ಡೈಆಕ್ಸೈಡನ್ನು ಹಿಡಿದು ನೆಲದೊಳಗೆ ಇಡುತ್ತಾರಂತೆ. ನಾರ್ವೆಯವರು 1996ರಿಂದಲೇ ಸಮುದ್ರತಳದ ಕೆಳಗೆ ಕಳಿಸುತ್ತಿದ್ದಾರೆ. ನಮ್ಮ ಗಣಿ 2001ರಲ್ಲಿ ಮುಚ್ಚಿದೆ, ಮೂರು ಕಿಲೋಮೀಟರ್ ಆಳ ಇದೆ. ಅಲ್ಲೇ ತುಂಬಬಹುದು ಅಲ್ವಾ?

ಭೂಗರ್ಭ ಮೇಷ್ಟ್ರು: ಆಗಲ್ಲ ತಮ್ಮ. ಗಣಿ ಅಂದರೆ ಬಾಯಿ ತೆರೆದ ಸುರಂಗ, ತುಂಬಿದ ಅನಿಲ ಅದೇ ದಾರಿಯಲ್ಲಿ ಮೇಲೆ ಬರುತ್ತದೆ. ಇದಕ್ಕೆ ಬೇಕಾಗಿರುವುದು ಮರಳುಗಲ್ಲಿನಂಥ ಸಣ್ಣ ಸಣ್ಣ ತೂತುಗಳಿರುವ ಕಲ್ಲು. ಅದೂ ಸುಮಾರು 800 ಮೀಟರಿಗಿಂತ ಆಳದಲ್ಲಿ. ಮೇಲೆ ಮುಚ್ಚಳದ ಹಾಗೆ ಬಿಗಿಯಾದ ಪದರ ಇರಬೇಕು. ಕೋಲಾರದ್ದು ಗಟ್ಟಿ ಬಂಡೆ, ನೀರು ಸಿಗುವುದೇ ಬಿರುಕುಗಳಲ್ಲಿ.

ಮಾಲೂರು ರೈತ ಮಹಿಳೆ: ಇಲ್ಲಿ ಆಗಲ್ಲ ಸರಿ, ಬೇರೆ ಕಡೆ ಆದರೆ ಕಾನೂನು ಯಾರ ಕೈಯಲ್ಲಿರಬೇಕು ಮೇಷ್ಟ್ರೇ?

ಭೂಗರ್ಭ ಮೇಷ್ಟ್ರು: ಈ ಅನಿಲವನ್ನು ನೆಲದೊಳಗೆ ಕಳಿಸುವುದು ಬಾವಿ ಕೊರೆದು. ಅಮೆರಿಕದಲ್ಲಿ ಕೇಂದ್ರದ ಪರಿಸರ ಸಂಸ್ಥೆ 2010ರಲ್ಲಿ ಇಂಥ ಬಾವಿಗಳಿಗೇ ನಿಯಮ ಮಾಡಿತು. ಆಮೇಲೆ ಕೆಲವು ರಾಜ್ಯಗಳು ಅನುಮತಿ ಕೊಡುವ ಅಧಿಕಾರವನ್ನು ತಾವೇ ಪಡೆದವು. 2018ರಲ್ಲಿ ನಾರ್ತ್ ಡಕೋಟಾ ಮೊದಲನೆಯದು.

ಬಂಗಾರಪೇಟೆ ಹುಡುಗ: ರಾಜ್ಯವೇ ಒಳ್ಳೆಯದು. ನೆಲ, ನೀರು ಹತ್ತಿರದವರಿಗೇ ಗೊತ್ತಿರುತ್ತದೆ.

ಚಿಂತಾಮಣಿ ವಕೀಲ: ಹತ್ತಿರದವರಿಗೇ ಬಂಡವಾಳದ ಆಸೆಯೂ ಜಾಸ್ತಿ. ಅಮೆರಿಕದ ಕೇಂದ್ರದ ನಿಯಮದಲ್ಲಿ ಅನಿಲ ಕಳಿಸುವುದು ನಿಂತ ಮೇಲೂ ಸಾಮಾನ್ಯವಾಗಿ 50 ವರ್ಷ ಕಂಪನಿಯೇ ಆ ಜಾಗದ ಮೇಲೆ ಕಣ್ಣಿಡಬೇಕು. ನಾರ್ತ್ ಡಕೋಟಾದಲ್ಲಿ 10 ವರ್ಷ ಕಳೆದು, ಎಲ್ಲ ಸರಿಯಿದೆ ಅಂತಾದರೆ ಹೊಣೆ ರಾಜ್ಯಕ್ಕೆ ಬರುತ್ತದೆ. ಅಂದರೆ ತೆರಿಗೆ ಕಟ್ಟುವವರ ತಲೆಗೆ. ಇದು ನನಗೆ ಒಪ್ಪಿಗೆಯಿಲ್ಲ.

ಭೂಗರ್ಭ ಮೇಷ್ಟ್ರು: ವಕೀಲರೇ, ಎಲ್ಲ ರಾಜ್ಯವೂ ಹಾಗಲ್ಲ. ಇಲಿನಾಯ್‌ನಲ್ಲಿ ಅನುಮತಿ ಕೊಡುವುದು ಕೇಂದ್ರ. ಆದರೂ 2025ರಲ್ಲಿ ರಾಜ್ಯವೇ ಕಾನೂನು ತಂದು, ಮಹೊಮೆಟ್ ಅನ್ನುವ ಕುಡಿಯುವ ನೀರಿನ ಪದರದ ಜಾಗದಲ್ಲಿ ಈ ಕೆಲಸ ಬೇಡ ಅಂದಿತು.

ಮಾಲೂರು ರೈತ ಮಹಿಳೆ: ಹಳೆಯ ಬಾವಿಗಳ ಕಥೆ ಏನು?

ಭೂಗರ್ಭ ಮೇಷ್ಟ್ರು: ಅದೇ ಮುಖ್ಯ ಅಮ್ಮ. ಸುತ್ತಲಿನ ಹಳೆ ಬಾವಿಗಳನ್ನೆಲ್ಲ ಹುಡುಕಬೇಕು. ಅನಿಲ ಮೇಲೆ ಸೋರಲು ದಾರಿಯಾಗುವಂಥವನ್ನು ಸರಿಯಾಗಿ ಮುಚ್ಚಿಸಬೇಕು.

ಮಾಲೂರು ರೈತ ಮಹಿಳೆ: ನಮ್ಮ ಹೊಲದಲ್ಲಿ 1,200 ಅಡಿ ಕೊರೆಸಿದ ಬೋರ್ ಫೇಲಾಯಿತು. ಕೊರೆದವರು ಕೇಸಿಂಗ್ ಪೈಪ್ ಕಿತ್ತುಕೊಂಡು ಹೋದರು. ಬಾಯಿಗೆ ಗೋಣಿಚೀಲ ತುರುಕಿ ಮೇಲೊಂದು ಚಪ್ಪಡಿ ಎಳೆದೆ. ಮಳೆಗೆ ಪಕ್ಕದ ಮಣ್ಣು ಕುಸಿದು ಚಪ್ಪಡಿ ವಾಲಿದೆ. ಅದು ಯಾವ ಲೆಕ್ಕದಲ್ಲೂ ಇಲ್ಲ. ಇಂಥ ತೂತುಗಳ ಪಟ್ಟಿಯೇ ಇಲ್ಲದೆ ಅನುಮತಿ ಕೊಡುವುದು ಕೇಂದ್ರವಾದರೇನು, ರಾಜ್ಯವಾದರೇನು?

ಚಿಂತಾಮಣಿ ವಕೀಲ: ಅಕ್ಕ, ಪಟ್ಟಿ ಮಾಡುವ ಕೆಲಸ ಪಂಚಾಯಿತಿಗೇ ಕೊಡಬೇಕು ಅಂತ ಕಾನೂನಲ್ಲೇ ಬರೆಯಬೇಕು. ಇದನ್ನು ನಾನು ಒಪ್ಪುತ್ತೇನೆ.

ಮಾಲೂರು ರೈತ ಮಹಿಳೆ: ನಮ್ಮೂರಿನದು ನಾನೇ ಬರೆಯಲು ಶುರು ಮಾಡಿದೆ. ಕೆರೆ ಕಡೆಯ ಹೊಲಗಳಲ್ಲೇ ಹದಿನೇಳು ಸಿಕ್ಕಿವೆ.