ಬಿಜಾಪುರದಿಂದ ಬೆಳಗಾವಿಗೆ ಸೀದಾ ರೈಲು ಯಾಕಿಲ್ಲ

ಎಲ್ಲಾರಿಗೂ ನಮಸ್ಕಾರ್ರೀ. ನಾ ಟೈಪ್ ಮಾಡ್ಕೋಂತ ಕುಂತ್ರ ಇಲ್ಲೇ ಬೆಳಕು ಹರಿತೈತಿ, ಅದಕ್ಕ ಬಾಯಿಲೇ ಹೇಳಿಬಿಡ್ತೀನಿ. ಉದ್ದ ಆಗ್ತೈತಿ, ಈಗಽ ಹೇಳೀನಿ. ಕೆಲಸ ಇದ್ದವರು ಊಟ ಮಾಡಿ ಕೇಳ್ರಿ.

ನಿನ್ನೆ ಪುಟ್ಟಿ ಗ್ರೂಪಿನ್ಯಾಗ ಕೇಳಿದ್ಲಲ್ಲ, "ಕಾಕಾ, ಬಿಜಾಪುರದಾಗ ಸ್ಟೇಷನ್ ಐತಿ, ಬೆಳಗಾವಿದಾಗೂ ಐತಿ, ಮದುವಿಗೆ ಬರಾಕ ನೋಡಿದ್ರ ಸೀದಾ ಗಾಡಿನ ಇಲ್ಲ, ಹುಬ್ಬಳ್ಳಿ ಸುತ್ತಿ ಬಾ ಅಂತ ತೋರಸ್ತೈತಿ, ಹಿಂಗ್ಯಾಕ?" ಅಂತ. ಅದರ ಕೆಳಗ ಅಕೀ ತಮ್ಮ ಬರದಾನ, ಇಂಗ್ರೇಜರು ಎಲ್ಲಾ ಛಲೋ ಮಾಡಿ ಕೊಟ್ಟು ಹೋಗಿದ್ರು, ಆಮ್ಯಾಲೆ ನಮ್ಮವರು ಕೆಡಸಿದ್ರು ಅಂತ. ಪುಟ್ಟಿ ಕೇಳಿದ್ದು ಖರೆ ಪ್ರಶ್ನೆ. ತಮ್ಮ ಹೇಳಿದ್ದು ಮಾತ್ರ ಉಲ್ಟಾ.

ನೋಡವಾ, ನೀ ಒಂದು ಕೆಲಸ ಮಾಡು. ನಕಾಶೆ ತಗದು ಬಿಜಾಪುರ, ಬಾಗಲಕೋಟಿ, ಬೆಳಗಾವಿ, ನಮ್ಮ ಈ ಮೂರು ಜಿಲ್ಲಾ ನೋಡು. ಮೂಡಲ ಕಡೆ ಒಂದು ಹಳಿ: ಹೋಟಗಿ, ಬಿಜಾಪುರ, ಬಾಗಲಕೋಟಿ, ಬಾದಾಮಿ, ಗದಗ. ಪಡುವಲ ಕಡೆ ಇನ್ನೊಂದು: ಮೀರಜ, ಕುಡಚಿ, ಘಟಪ್ರಭಾ, ಬೆಳಗಾವಿ, ಲೋಂಡಾ. ಎರಡೂ ಬಡಗಲಿಂದ ತೆಂಕಲಿಗೆ ಇಳದಾವು. ಏಣಿಗೆ ಎರಡು ಕಂಬ ನಿಲ್ಲಿಸಿ ಮೆಟ್ಟಲಾ ಬಡೀಲಿಕ್ಕೇ ಮರತಂಗ ಐತಿ. ಒಂದು ಕಂಬದಿಂದ ಇನ್ನೊಂದಕ್ಕ ಹೋಗಬೇಕಂದ್ರ ಒಂದೋ ಬುಡಕ್ಕ ಇಳೀಬೇಕು, ಇಲ್ಲಾ ತುದಿ ಮುಟ್ಟಿ ಬರಬೇಕು. ಬುಡಕ್ಕ ಅಂದ್ರ ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾ ಸುತ್ತಿ ಹತ್ತಿರ ಹತ್ತಿರ 400 ಕಿಲೋಮೀಟರ್. ತುದಿಗೆ ಅಂದ್ರ ಸೊಲ್ಲಾಪುರ, ಕುರ್ಡುವಾಡಿ, ಪಂಢರಪುರ, ಮೀರಜ, ಅದು ಇನ್ನೂ ದೂರ. ರಸ್ತಾದಾಗ ಹೋದ್ರ 200 ಕಿಲೋಮೀಟರಿನ ಆಜೂಬಾಜೂ, ಮುಗೀತು.

ಮರತಿದ್ದಲ್ಲ ಅದು. ಬಿಜಾಪುರದ ಮನಿಶ್ಯಾ ಬೆಳಗಾವಿಗೆ ಹೋಗ್ಲಿ ಅಂತ ಯಾರೂ ಈ ಹಳಿ ಹಾಕಿಲ್ಲ. ಅಷ್ಟಽ.

1876ರಿಂದ 78ರ ತನಕ ದೊಡ್ಡ ಬರ ಬಿತ್ತು, ಧಾತು ಸಂವತ್ಸರದ ಬರ ಅಂತ ಹಿರ್ಯಾರು ಹೇಳ್ತಿದ್ರು. ಆವಾಗ ಬಿಜಾಪುರ ಜಿಲ್ಲಾ ಅನ್ನೋದಽ ಇರಲಿಲ್ಲ, ಕಲಾದಗಿ ಜಿಲ್ಲಾ ಅಂತಿತ್ತು. ಕಚೇರಿ ಕಲಾದಗಿಯಿಂದ ಬಿಜಾಪುರಕ್ಕ ಬಂದಿದ್ದು 1885ರಾಗ. ಆ ಬರದಾಗ ಏನಾತು ಅಂದ್ರ, ಬ್ಯಾರೆ ಕಡೆ ಕಾಳು ಇದ್ರೂ ಇಲ್ಲಿಗೆ ತರೋರಿಲ್ಲ. ಬಂಡಿ ಜಗ್ಗೋ ಎತ್ತಿಗೆ ಮೇವಿಲ್ಲ, ನೀರಿಲ್ಲ, ಎತ್ತಽ ಸತ್ತು ಬಿದ್ದಾವು. ಊರಿಗೂರು ಖಾಲಿ. ಆಮ್ಯಾಲೆ ಸರಕಾರದ ಬರದ ಕಮಿಷನ್ ಕುಂತು, ಇಂಥಾ ಸೀಮಿಗೆ ರೈಲ್ ಬೇಕಽ ಬೇಕು ಅಂತು. 1882ರಾಗ ಸದರ್ನ್ ಮರಾಠಾ ರೈಲ್ವೆ ಕಂಪನಿ ಆತು, 1884ರ ಹೊತ್ತಿಗೆ ಹೋಟಗಿ–ಗದಗ ಹಳಿ. ಮುಂಬಯಿ–ಮದರಾಸ ದೊಡ್ಡ ಹಳಿ ಹೋಟಗಿ ಮ್ಯಾಲೆ ಹಾದು ಹೋಗ್ತೈತಿ, ಅಲ್ಲಿಂದ ಕಾಳು ಕೆಳಗ ಇಳೀಬೇಕು, ನಮ್ಮ ಅರಳಿ, ಅಂದ್ರ ಹತ್ತಿ, ಹೊರಗ ಹೋಗಬೇಕು. ಇಷ್ಟಽ ಲೆಕ್ಕಾಚಾರ. ಅದೂ ರೊಕ್ಕ ಉಳಸಾಕ ಮೀಟರ್ ಗೇಜ್, ಎರಡು ಹಳಿ ನಡುವ ಬರೇ ಒಂದು ಮೀಟರ್. ಮುಂಬಯಿ ಕಡೀದು ಬ್ರಾಡ್ ಗೇಜ್, ಒಂದೂ ಮುಕ್ಕಾಲು ಮೀಟರಿಗೆ ಸ್ವಲ್ಪ ಕಡಿಮಿ. ಹಿಂಗಾಗಿ ಹೋಟಗಿಯೊಳಗ ಚೀಲ ಎಲ್ಲಾ ಒಂದು ಗಾಡಿಯಿಂದ ಇಳಿಸಿ ಇನ್ನೊಂದು ಗಾಡಿಗೆ ಏರಸಬೇಕು. ಹಮಾಲರಿಗೆ ಕೆಲಸಕ್ಕ ಕಡಿಮಿ ಇರಲಿಲ್ಲ ಬಿಡು. 2008ರ ಸುಮಾರಿಗೆ ಪೂರಾ ಬ್ರಾಡ್ ಗೇಜ್ ಆಗೋ ತನಕ ನಮ್ಮ ಹಳಿ ಹಂಗಽ ಇತ್ತು.

ಅಗ್ಗದಾಗ ಹಾಕಿದ ಹಳಿ ಅನ್ನೋದಕ್ಕ ಸಾಕ್ಷಿ ಬೇಕಂದ್ರ ಸ್ಟೇಷನ್ ಹೆಸರು ಓದು. ಇಂಡಿ ರೋಡ್. ಬಸವನ ಬಾಗೇವಾಡಿ ರೋಡ್. ಗುಳೇದಗುಡ್ಡ ರೋಡ್. ಆ ಕಡೆ ಕಂಬದಾಗ ಗೋಕಾಕ ರೋಡ್, ಚಿಕ್ಕೋಡಿ ರೋಡ್. ರೋಡ್ ಅಂತ ಬಂತಂದ್ರ ತಿಳ್ಕೋ, ಊರು ಅಲ್ಲಿಲ್ಲ, ಊರಿಗೆ ಹೋಗೋ ದಾರಿ ಅಷ್ಟಽ ಐತಿ. ಬಸವನ ಬಾಗೇವಾಡಿ ರೋಡ್ ಅಂತ ಇಳದ್ರ ನೀ ಇರೋದು ತೆಲಗಿಯೊಳಗ! ಗುಡ್ಡ ಕಡೀಬಾರದು, ಸುತ್ತು ಹಾಕಬಾರದು, ಸಪಾಟ ನೆಲ ಸಿಕ್ಕಲ್ಲಿ ಎಳಕೋಂತ ಹೋಗು ಅಂತ ಎಳದಾರ. ಊರು ಬಂದ್ರ ಊರಿನ ಪುಣ್ಯ. ಬಾದಾಮಿಗೆ ರೋಡ್ ಅಂತ ಹೆಸರಿಲ್ಲ, ಆದ್ರೂ ಸ್ಟೇಷನ್ ಊರಿಂದ ಐದು ಕಿಲೋಮೀಟರ್ ದೂರ. ನಾವು ಸಣ್ಣವರಿದ್ದಾಗ ಅಲ್ಲಿ ಇಳದ ಕೂಡ್ಲೆ ಟಾಂಗಾದವರು ಗಂಟು ಕಸ್ಕೊಳ್ಳಾಕ ಬರತಿದ್ರು. ಬನಶಂಕರಿ ಜಾತ್ರ್ಯಾಗಂತೂ ಕೇಳಬ್ಯಾಡ. ಬಿಜಾಪುರ ಒಂದಽ ಬ್ಯಾರೆ, ಗಾಡಿ ಇಳಿಯೂದ್ರಾಗ ಗೋಲಗುಂಬಜ್ ಎದುರಿಗೆ ನಿಂತಿರ್ತೈತಿ.

ಈ ಹಳಿ ಮ್ಯಾಲೆ ನನಗ ಸೇರೋ ಸ್ಟೇಷನ್ ಅಂದ್ರ ನಿಂಬಾಳ. ಸಣ್ಣದು. ಹಗೂರ ಹೋಗೋ ಪ್ಯಾಸೆಂಜರಿನ್ಯಾಗ ಕುಂತಾಗಷ್ಟಽ ಕಣ್ಣಿಗೆ ಬೀಳೋ ಅಂಥಾದ್ದು. ಗುರುದೇವ ರಾನಡೆಯವರ ಆಶ್ರಮ ಐತಲ್ಲ, ಅದಽ ನಿಂಬಾಳ. ಅವರು ಹುಟ್ಟಿದ್ದು 1886ರಾಗ ಜಮಖಂಡಿಯೊಳಗ, ಅಲಹಾಬಾದ್ ವಿದ್ಯಾಪೀಠದಾಗ ತತ್ವಶಾಸ್ತ್ರ ಕಲಿಸಿದ್ರು, ಅಲ್ಲಿ ಉಪಕುಲಪತಿನೂ ಆದ್ರು. ಕಡೀಗೆ ಬಂದು ನಿಂತಿದ್ದು ಈ ಬಯಲಿನ್ಯಾಗ, 1957ರಾಗ ದೇಹ ಬಿಟ್ಟಿದ್ದೂ ಇಲ್ಲೇ. ಎಲ್ಲೆಲ್ಲಿಂದಲೋ ಓದಿದ ಮಂದಿ, ಸಾಧಕರು ಗಾಡಿ ಹಿಡದು ಈ ಸಣ್ಣ ಸ್ಟೇಷನ್ನಿಗೆ ಬಂದು ಇಳೀತಿದ್ರು. ನನಗ ಅನಸ್ತೈತಿ, ಅವರು ಹುಟ್ಟಿದ ಜಮಖಂಡಿಯೊಳಗ ಇದ್ದಿದ್ರ ಅಷ್ಟು ಮಂದಿ ಬರೋದು ತ್ರಾಸ ಆಗ್ತಿತ್ತು. ಜಮಖಂಡಿಗೆ ರೈಲೇ ಇಲ್ಲ. ಆ ಮಾತಿಗೆ ಆಮ್ಯಾಲೆ ಬರ್ತೀನಿ.

ಈಗ ಬೆಳಗಾವಿ ಕಡೆ ಕಂಬ. ಅದರ ಕಥಿ ಬರದ್ದಲ್ಲ, ಬಂದರದ್ದು. 1878ರಾಗ ಇಂಗ್ರೇಜರು, ಪೋರ್ತುಗೀಜರು ಒಂದು ಕರಾರು ಮಾಡ್ಕೊಂಡ್ರು. ಗೋವಾದ ಮಾರ್ಮಗೋವಾದಾಗ ಬಂದರು, ಅಲ್ಲಿಂದ ಘಟ್ಟ ಹತ್ತಿಸಿ ಕ್ಯಾಸಲ್‌ರಾಕ್ ತನಕ ಹಳಿ, ಅಲ್ಲಿಂದ ಮುಂದ ಲೋಂಡಾ, ಧಾರವಾಡ, ಹುಬ್ಬಳ್ಳಿ, ಗದಗ, ಬಳ್ಳಾರಿ. ಧಾರವಾಡ ಸೀಮಿ ಅರಳಿ ಸಮುದ್ರಕ್ಕ ಇಳೀಬೇಕು, ಅದಽ ಮುಖ್ಯ. 1888ರಾಗ ಘಟ್ಟದ ಹಳಿ ಮುಗೀತು. ಅದೇನು ಸಾಮಾನ್ಯ ಏರಲ್ಲ ತಂಗಿ, 37 ಅಡಿ ಮುಂದ ಹೋದ್ರ ಒಂದಡಿ ಮ್ಯಾಲೆ. ಮುಂದೊಂದು ಇಂಜಿನ್ ಜಗ್ಗಬೇಕು, ಹಿಂದ ಮತ್ತೊಂದು ನೂಕಬೇಕು. ದೂಧಸಾಗರ ಜಲಪಾತದ ಮೈ ಮ್ಯಾಲಽ ಹಾದು ಬರ್ತೈತಿ. ಕ್ಯಾಸಲ್‌ರಾಕ್ ಅಂದ್ರ ಆವಾಗ ದೇಶದ ಗಡಿ ಸ್ಟೇಷನ್. ಈ ಕಡೆ ನಮ್ಮ ಕಸ್ಟಮ್ಸಿನವರು ಪೆಟ್ಟಗಿ ಬಿಚ್ಚಸ್ತಿದ್ರು, ಕೆಳಗ ಕುಳೆಂದಾಗ ಪೋರ್ತುಗೀಜರು ಮತ್ತ ಬಿಚ್ಚಸ್ತಿದ್ರು. 1955ರಾಗ ಗಡಿ ಬಂದ್ ಆದಾಗ ಗಾಡೀನೂ ನಿಂತ್ವು. 1961ರಾಗ ಗೋವಾ ಬಿಡುಗಡೆ ಆದಮ್ಯಾಲಽ ದಾರಿ ಮತ್ತ ತೆರದದ್ದು.

ಲೋಂಡಾದಿಂದ ಮ್ಯಾಲೆ ಖಾನಾಪುರ, ಬೆಳಗಾವಿ, ಮೀರಜ, 1890ರ ಹೊತ್ತಿಗೆ ಪುಣೆ ತನಕ ಹಳಿ ಕೂಡ್ತು. ಆ ಕಡೆ ಬೆಂಗಳೂರಿನ ಹಳಿ 1889ರಾಗ ಹರಿಹರಕ್ಕ ಬಂದಿತ್ತು. ಅಂದ್ರ ಬೆಂಗಳೂರಿಂದ ಪುಣೆಗೆ ಪೂರಾ ಮೀಟರ್ ಗೇಜಿನ ಉದ್ದಾನುದ್ದ ಹಾದಿ, ನಮ್ಮ ಬೆಳಗಾವಿ ಅದರ ನಡುವಿನ ಊರು. 1892ರಾಗ ಸ್ವಾಮಿ ವಿವೇಕಾನಂದರು ಬೆಳಗಾವಿದಾಗ ಇದ್ದು, ಮುಂದ ಗೋವಾಕ್ಕ ಹೋದದ್ದು ಇದಽ ಹಳಿ ಮ್ಯಾಲೆ. ಬೆಳಗಾವಿಯ ಟಿಳಕವಾಡಿದಾಗ ಫಸ್ಟ್ ಗೇಟ್, ಸೆಕೆಂಡ್ ಗೇಟ್, ಥರ್ಡ್ ಗೇಟ್ ಅಂತ ಇವತ್ತಿಗೂ ವಿಳಾಸ ಹೇಳ್ತಾರಲ್ಲ, ಅವು ಇದಽ ಹಳಿಯ ಗೇಟ್. 1924ರಾಗ ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ ನಡದದ್ದೂ ಅಲ್ಲೇ ಹತ್ತಿರ.

ಮೀರಜದ್ದು ಒಂದು ಹೇಳಬೇಕು. 1970ರ ಸುಮಾರಿಗೆ ಪುಣೆ–ಮೀರಜ ಬ್ರಾಡ್ ಗೇಜ್ ಆತು, ಬೆಳಗಾವಿ ಕಡೀದು ಮೀಟರ್ ಗೇಜ್ ಉಳೀತು, ಪಂಢರಪುರ ಕಡಿಯಿಂದ ಬರೋ ಬಾರ್ಶಿ ಲೈನ್ ಅದಕ್ಕಿಂತಾ ಸಣ್ಣದು, ನ್ಯಾರೋ ಗೇಜ್. ಒಂದಽ ಸ್ಟೇಷನ್ನಿನ್ಯಾಗ ಮೂರು ಅಳತಿ! ನಿಮ್ಮಜ್ಜಿ ಮುಂಬಯಿಗೆ ಹೋಗುವಾಗ ಬುತ್ತಿ ಗಂಟು, ಹಿಟ್ಟಿನ ಡಬ್ಬಿ, ಹಾಸಿಗಿ ಸುರಳಿ, ನಾವು ನಾಲ್ಕು ಹುಡುಗ್ರು, ಎಲ್ಲಾ ಎಣಸ್ಕೋಂತ ಮೀಟರ್ ಗೇಜ್ ಇಳದು ಬ್ರಾಡ್ ಗೇಜಿಗೆ ಓಡ್ತಿದ್ಲು. ಹುಡುಗ್ರಿಗಿಂತಾ ಡಬ್ಬಿ ಮ್ಯಾಲೆ ಲಕ್ಷ ಜಾಸ್ತಿ. 90ರ ದಶಕದಾಗ ಬೆಳಗಾವಿ ಹಳಿ ಅಗಲ ಆದಮ್ಯಾಲೆ ಆ ಓಟ ತಪ್ಪಿತು.

ಈಗ ಜಂಕ್ಷನ್ ಎಣಸು. ಹೋಟಗಿ, ಮೀರಜ ಎರಡೂ ಮಹಾರಾಷ್ಟ್ರದಾಗ. ಗದಗ ಬ್ಯಾರೆ ಜಿಲ್ಲಾ. ಲೋಂಡಾ ಒಂದಽ ನಮ್ಮ ಬೆಳಗಾವಿ ಜಿಲ್ಲಾದ್ದು, ಅದೂ ಕಾಡಿನ ಅಂಚಿಗೆ. ನಡುವ ಏನೂ ಇಲ್ಲ. ಆ ನಡುವಿನ ಸೀಮಿ ಯಾವುದು? ಜಮಖಂಡಿ, ಮುಧೋಳ, ರಬಕವಿ, ತೇರದಾಳ. ಕೃಷ್ಣಾ, ಘಟಪ್ರಭಾ ನೀರು ಕುಡಿದ ಕಬ್ಬಿನ ನಾಡು, ನೇಕಾರರ ನಾಡು, ಇವತ್ತು ಇಷ್ಟು ಸಕ್ಕರಿ ಕಾರ್ಖಾನಿ ಅದಾವು. ಆವಾಗ ಇದು ಬ್ಯಾರೆ ಬ್ಯಾರೆ ರಾಜರ ಸಂಸ್ಥಾನ. ಕಂಪನಿಗೆ ಬೇಕಾಗಿದ್ದು ಬಂದರು ಮತ್ತ ದೊಡ್ಡ ಹಳಿ, ಅಡ್ಡ ಹಾಯೋದ್ರಾಗ ಅವರಿಗೆ ಲಾಭ ಏನಿತ್ತು? ಅದಕ್ಕ ತಮ್ಮಾ, ಇಂಗ್ರೇಜರು ಛಲೋ ಮಾಡಿದ್ರು ಅನ್ನೋಕಿಂತ ಮೊದಲು ಯಾರಿಗೆ ಛಲೋ ಮಾಡಿದ್ರು ಅಂತ ಕೇಳು. ಹಂಗಂತ ನಮ್ಮವರನ್ನೂ ಬಿಟ್ಟುಕೊಡಾಂಗಿಲ್ಲ. ಬಾಗಲಕೋಟಿ–ಕುಡಚಿ ಹಳಿ, 142 ಕಿಲೋಮೀಟರ್, 2010ರ ಬಜೆಟ್ಟಿನ ಕಾಲಕ್ಕ ಮಂಜೂರಾದದ್ದು. ಖಜ್ಜಿಡೋಣಿ ತನಕ ಹಳಿ ಬಂತು ಅನ್ನೂದ್ರಾಗ ನಮ್ಮ ಮನ್ಯಾಗ ಹುಡುಗ್ರು ದೊಡ್ಡವರಾದ್ರು. ಭೂಮಿ ತಗೊಳ್ಳೋದು, ರೊಕ್ಕ ಹಂಚಿಕಿ, ಇದರಾಗಽ ವರ್ಷ ಹೋಗ್ತಾವು. ನನ್ನ ಕೇಳಿದ್ರ ನಮ್ಮ ಸೀಮಿಗೆ ವಂದೇ ಭಾರತಕ್ಕಿಂತಾ ಇದು ಮೊದಲು ಬೇಕು. ಬೆಂಗಳೂರಿಗೆ ಅರ್ಧ ತಾಸು ಬೇಗ ಮುಟ್ಟಿ ನಾವೇನು ಮಾಡೂದೈತಿ? ಇದು ಮುಗದ್ರ ಬಾಗಲಕೋಟಿ, ಕುಡಚಿ ಎರಡೂ ಜಂಕ್ಷನ್ ಆಗ್ತಾವು, ಬಿಜಾಪುರದ ಗಾಡಿ ಜಮಖಂಡಿ ಸೀಮಿ ಹಾದು ಬೆಳಗಾವಿಗೆ ಬರ್ತೈತಿ.

ಅಲ್ಲಿ ತನಕ ಪುಟ್ಟಿ, ಮದುವಿಗೆ ಬಸ್ಸಿಗೇ ಬಾ. ಜಮಖಂಡಿ, ಮುಧೋಳ, ಯರಗಟ್ಟಿ ಮ್ಯಾಲೆ ಬರೋದು ಹಿಡಿ. ರೈಲಽ ಬೇಕು ಅಂತ ಹಟ ಇದ್ರ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಹುಬ್ಬಳ್ಳಿಗೆ ಇಳದು, ಅಲ್ಲಿಂದ ಮೀರಜ ಕಡೆ ಹೋಗೋ ಗಾಡಿ ಹತ್ತು. ಆದ್ರ ಸೀರಿ, ಬಂಗಾರ ತಗೊಂಡು ರಾತ್ರಿ ಹುಬ್ಬಳ್ಳಿಯೊಳಗ ಕಾಯೋದು ನನಗೇನು ಬರೋಬ್ಬರಿ ಅನಸೂದಿಲ್ಲ. ಅತ್ತೀ, ನೀವೂ ಕೇಳಾಕತ್ತಿದ್ರ ಒಂದು ಮಾತು: ಆಕಿ ಯಾವ ಗಾಡಿ ಅಂತ ತಿಳಿಸಿದ ಕೂಡ್ಲೆ ಬಸ್ ಸ್ಟ್ಯಾಂಡಿಗೆ ಯಾರನ್ನರ ಕಳಸ್ರಿ. ಹಳದಿಗೆ ಮುಂಜಾನೆ ಎಷ್ಟಕ್ಕ ಅಂತ ಪತ್ರಿಕೆದಾಗ ಹಾಕೇ ಇಲ್ಲ, ಅದನ್ನೂ ಇಲ್ಲೇ ಬರೀರಿ.