ದಾವಣಗೆರೆಯಿಂದ ಕರಾವಳಿಗೆ ಬೈಕಲ್ಲಿ, ತಲೆಗೆ ಐದು ಸಾವಿರದಲ್ಲಿ ಆಗತ್ತಾ? ಹೋಗಿ ಬಂದವ್ರು ಹೇಳಿ

ಕೇಳಿದ್ದು, ದಾವಣಗೆರೆಯಿಂದ:

ನಮಸ್ಕಾರ ಎಲ್ರಿಗೂ. ನಾವು ನಾಲ್ಕು ಜನ ಫ್ರೆಂಡ್ಸು, ಎರಡು ಬೈಕು. ಮಂಗಳೂರಿಂದ ಕಾರವಾರದವರೆಗೂ ಪೂರ್ತಿ ಸಮುದ್ರದ ದಂಡೆ ಹಿಡ್ಕೊಂಡು ಹೋಗ್ಬೇಕು ಅಂತ ಎಷ್ಟೋ ದಿನದ ಆಸೆ. ರಜೆ ಸಿಗೋದು ಐದು ದಿನ, ನವೆಂಬರ್ ಕೊನೆ ವಾರ. ತಲೆಗೆ ಐದು ಸಾವಿರದ ಮೇಲೆ ಹಾಕಕ್ಕಾಗಲ್ಲ, ಇಬ್ರು ಇನ್ನೂ ಓದ್ತಿದಾರೆ. ಒಬ್ಬನ ಹತ್ರ ಟೆಂಟ್ ಇದೆ, ಬೀಚಲ್ಲೇ ಹಾಕ್ಕೊಂಡು ಮಲಗಿದ್ರೆ ರೂಮಿನ ದುಡ್ಡು ಉಳಿಯತ್ತಲ್ಲ ಅಂತಾನೆ. ರೂಟು, ಊಟ, ಉಳ್ಕೊಳ್ಳೋದು ಎಲ್ಲಾನೂ ಸ್ವಲ್ಪ ಬಿಡಿಸಿ ಹೇಳಿ. ನನ್ನ ಅಕ್ಕನೂ ಅವಳ ಫ್ರೆಂಡ್ ಜೊತೆ ಬಸ್ಸಲ್ಲಿ ಬರ್ತೀನಿ ಅಂತಿದಾಳೆ, ಅದ್ರ ಬಗ್ಗೆ ಗೊತ್ತಿದ್ದವ್ರೂ ಹೇಳಿ.

ಕುಂದಾಪುರದಿಂದ:

ಇದು ನಾವು ದಿನಾ ಓಡಾಡುವ ದಾರಿ, ಹಾಗಾಗಿ ನೇರ ಹೇಳ್ತೇನೆ. ಮಂಗಳೂರಿಂದ ಕಾರವಾರ ದೂರ ಏನಲ್ಲ, 270 ಕಿ.ಮೀ. ಆಸುಪಾಸು, ಐದು ದಿನದಲ್ಲಿ ಆಗ್ತದೆ. ಆದ್ರೆ ನೀವು ದಾವಣಗೆರೆಯಿಂದ ಘಾಟಿ ಇಳಿಯುದು ಒಂದು ದಿನ, ವಾಪಸ್ ಹತ್ತುದು ಒಂದು ದಿನ, ಉಳ್ದ ಮೂರು ದಿನ ಹೈವೇ 66ರಲ್ಲಿ ಲಾರಿ ಹಿಂದೆ ಓಡುದೇ ಆಗ್ತದೆ ಮಾರಾಯ್ರೆ. ಸುಮಾರು ಜನಕ್ಕೆ ಗೊತ್ತಿಲ್ಲ, ಈ ಹೈವೇಯಿಂದ ಸಮುದ್ರ ಕಾಣುದೇ ಅಲ್ಲಲ್ಲಿ ಮಾತ್ರ, ಬಾಕಿ ಎಲ್ಲ ಅಂಗಡಿ, ಫ್ಲೈಓವರು, ತೆಂಗಿನ ತೋಟ. ಸಮುದ್ರ ನೋಡ್ಬೇಕು ಅಂದ್ರೆ ಹೈವೇ ಬಿಟ್ಟು ಪಡುವಣಕ್ಕೆ ತಿರುಗ್ಬೇಕು, ಅದಕ್ಕೆ ಟೈಮ್ ಬೇಕು. ಹಾಗಾಗಿ ಈ ಸಲ ಎರಡೂ ತುದಿ ಬಿಡಿ, ಮಧ್ಯದ್ದು ಮಾತ್ರ ಮಾಡಿ. ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಬಂದು ಆಗುಂಬೆ ಇಳ್ದು ಉಡುಪಿ, ಅಲ್ಲಿಂದ ಉತ್ತರಕ್ಕೆ ಗೋಕರ್ಣ, ಆಮೇಲೆ ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಶಿರಸಿ, ಹಾವೇರಿ, ಮನೆ. ಹೋದ ದಾರಿಯಲ್ಲೇ ವಾಪಸ್ ಬರುವ ಬೇಜಾರೂ ಇಲ್ಲ. ದೇವಿಮನೆ ಘಾಟಿಯಲ್ಲಿ ರಸ್ತೆ ಅಗಲ ಮಾಡುವ ಕೆಲಸಕ್ಕೆ ಬಂದ್ ಮಾಡಿದ್ದುಂಟು, ಹೊರಡುವ ಮೊದ್ಲು ವಿಚಾರಿಸಿ, ಬಂದ್ ಇದ್ರೆ ಹೊನ್ನಾವರದಿಂದ ಗೇರುಸೊಪ್ಪೆ ಹತ್ತಿ ಜೋಗ, ಸಾಗರ, ಶಿವಮೊಗ್ಗ.

ಖರ್ಚು ಲೆಕ್ಕ ಹಾಕುವ. ಈ ಸುತ್ತು ಹೆಚ್ಚುಕಮ್ಮಿ 650 ಕಿ.ಮೀ., ಒಳದಾರಿ ತಿರುಗಾಟ ಸೇರಿ 800 ಅಂತ ಹಿಡೀರಿ. ಬೈಕು 45 ಕೊಟ್ರೆ 18 ಲೀಟರ್, ಲೀಟರಿಗೆ ನೂರರ ಮೇಲೆ ಉಂಟಲ್ಲ, ಒಂದು ಬೈಕಿಗೆ ಎರಡು ಸಾವಿರದೊಳಗೆ, ಇಬ್ರು ಹಂಚಿಕೊಂಡ್ರೆ ತಲೆಗೆ ಒಂದು ಸಾವಿರ. ಬೈಕಿಗೆ ಟೋಲ್ ಇಲ್ಲ. ನಾಲ್ಕು ರಾತ್ರಿಗೆ ತಲೆಗೆ ಎರಡು ಸಾವಿರ ಇಡಿ, ನಾಲ್ಕು ಜನ ಒಂದೇ ರೂಮಲ್ಲಿ ಅಡ್ಜಸ್ಟ್ ಆದ್ರೆ ಅಷ್ಟರಲ್ಲಿ ಆಗ್ತದೆ. ಊಟಕ್ಕೆ ದಿನಕ್ಕೆ 300 ಅಂದ್ರೆ ಒಂದೂವರೆ ಸಾವಿರ. ಇನ್ನೂ ಐನೂರು ಉಳೀತು, ಅದನ್ನು ಪಂಕ್ಚರಿಗೆ, ಬೋಟಿಗೆ ಇಡಿ.

ಈಗ ಒಳದಾರಿ, ನಂಗೆ ಮುಖ್ಯವಾಗಿ ಹೇಳ್ಬೇಕಾದ್ದು ಇದೇ. ಉಡುಪಿಗೆ ಬಂದ ದಿನ ಸಂಜೆ ಕಾಪುಗೆ ಹೋಗಿ, 1901ರ ಲೈಟ್‌ಹೌಸು, ಬಂಡೆ ಮೇಲೆ ನಿಂತದ್ದು, ಸಂಜೆ ಸ್ವಲ್ಪ ಹೊತ್ತು ಮಾತ್ರ ಮೇಲೆ ಬಿಡ್ತಾರೆ. ವಾಪಸ್ ಹೈವೇಯಲ್ಲಿ ಬರ್ಬೇಡಿ. ಮಟ್ಟು, ಪಡುಕೆರೆ ಮೇಲೆ ಮಲ್ಪೆಗೆ ಸಣ್ಣ ರಸ್ತೆ ಉಂಟು, ಒಂದು ಬದಿ ಸಮುದ್ರ ಇನ್ನೊಂದು ಬದಿ ಉದ್ಯಾವರ ಹೊಳೆ, ನಡುವೆ ಮನೆಗಳು, ಮೀನುಬಲೆ ಒಣಗ್ಲಿಕ್ಕೆ ಹಾಕಿದ್ದು, ಮಟ್ಟುಗುಳ್ಳ ಬದನೆ ಬೆಳೆಯುವ ಗದ್ದೆ. ಅಲ್ಲಿ ಮೂವತ್ತರ ಮೇಲೆ ಓಡಿಸ್ಬೇಡಿ ದಯವಿಟ್ಟು, ಮಕ್ಕಳು ರಸ್ತೆಯಲ್ಲೇ ಆಡ್ತಾ ಇರ್ತಾರೆ, ಅದು ಅವರ ಅಂಗಳ. ಮರುದಿನ ಬೆಳಿಗ್ಗೆ ಮಲ್ಪೆಯಿಂದ ಹೂಡೆ ಮೇಲೆ ಕೋಡಿಬೆಂಗ್ರೆ, ರಸ್ತೆ ಅಲ್ಲಿಗೇ ಮುಗೀತದೆ, ಸ್ವರ್ಣಾ ಸೀತಾ ಎರಡೂ ನದಿ ಕೂಡಿ ಸಮುದ್ರ ಸೇರುವ ಜಾಗ. ಆಮೇಲೆ ಹೈವೇ ಹಿಡ್ದು ಕುಂದಾಪುರ ದಾಟಿ ಮರವಂತೆ. ಇದೊಂದು ಕಡೆ ಹೈವೇಯೇ ಸಮುದ್ರದ ಪಕ್ಕ ಬರ್ತದೆ, ಆಚೆ ಬದಿ ಸೌಪರ್ಣಿಕಾ. ಎಲ್ರೂ ರಸ್ತೆ ಬದಿ ಗಾಡಿ ನಿಲ್ಸಿ ಫೋಟೋ ತೆಗೀತಾರೆ, ವೇಗದ ರಸ್ತೆ ಅದು, ಪೂರ್ತಿ ಕೆಳಗಿಳಿಸಿ ನಿಲ್ಸಿ. ಬೈಂದೂರಿನ ಒತ್ತಿನೆಣೆ ಗುಡ್ಡದಿಂದ ಸೂರ್ಯ ಮುಳುಗುದು ನೋಡಿದ್ರೆ ಗೋಕರ್ಣದ ಗಲಾಟೆ ಬೇಡ ಅನ್ಸ್ತದೆ ನಿಮ್ಗೆ, ಒಂದು ರೂಪಾಯಿ ಖರ್ಚಿಲ್ಲ.

ಹುಬ್ಬಳ್ಳಿಯಿಂದ:

ಮ್ಯಾಲಿನವ್ರು ಹೇಳಿದ್ದು ಖರೇ ಅದ, ಆದ್ರ ಕಾರವಾರ ಬಿಡ್ರಿ ಅಂದದ್ದಕ್ಕ ನನ್ನ ಒಪ್ಪಿಗಿ ಇಲ್ಲ. ಬ್ಯಾರೆಯವ್ರೂ ಓದ್ತಾರಂತ ಬರಿಯಾಕತ್ತೀನಿ. ನಮ್ಮ ಕಡಿಯಿಂದ ಹೊರಡವ್ರಿಗೆ ಯಲ್ಲಾಪುರ, ಅರಬೈಲ್ ಘಾಟ ಇಳದು ಅಂಕೋಲಾ, ಅಲ್ಲಿಂದ ಕಾರವಾರ ಭಾಳ ಹತ್ರ. ಗೋಕರ್ಣದಾಗ ಇರೋ ಮಂದಿ ಕಾರವಾರದಾಗ ಇಲ್ಲ, ಮಾಜಾಳಿ ಕಡೆ ತೀಳಮಾತಿ ಬೀಚಿನಾಗ ಎಳ್ಳಿನಂಥ ಕರೀ ಉಸುಕು ನೋಡ್ರಿ, ಐಎನ್‌ಎಸ್ ಚಪಲ್ ಯುದ್ಧನೌಕಾ ಮ್ಯೂಸಿಯಂ ಹುಡುಗೂರಿಗೆ ಭಾಳ ಖುಷಿ. ಮಾಜಾಳಿ ದಾಟಿದ್ರ ಗೋವಾ, ಪೆಟ್ರೋಲ್ ಅಲ್ಲಿ ನಮ್ಮ ರಾಜ್ಯಕ್ಕಿಂತ ಸೋವಿ, ಗಡಿ ಸನೇ ಇದ್ರ ಅಲ್ಲೇ ತುಂಬಿಸ್ಕೊಂಡು ಬರ್ರಿ. ಕೇರಳದ ಗಡಿ ತಲಪಾಡಿ ಕಡೆ ಇದು ಉಲ್ಟಾ, ನಮ್ಮ ಬಾಜೂನ ತುಂಬಿಸ್ಬೇಕು.

ರೊಕ್ಕ ಉಳಿಸೂದು ಅಂದ್ರ ಎಲ್ಲಿ ಮಲಗತೀರಿ ಅನ್ನೂದಕ್ಕಿಂತ ಯಾವತ್ತು ಮಲಗತೀರಿ ಅನ್ನೂದು ದೊಡ್ಡದು. ಶುಕ್ರವಾರ, ಶನಿವಾರ ರಾತ್ರಿ ಗೋಕರ್ಣದಾಗ ಇರಬ್ಯಾಡ್ರಿ. ಬೆಂಗಳೂರಿನ ಬಸ್ಸು, ಕಾರು ಎಲ್ಲಾ ಅವತ್ತೇ ಬಂದು ಬೀಳ್ತಾವ, ಅದ ರೂಮು ಅದ ಹಾಸಿಗಿ, ದರ ಮಾತ್ರ ಏರತದ. ಕ್ರಿಸ್‌ಮಸ್ ಹೊತ್ತಿಗೆ ಕೇಳೂದ ಬ್ಯಾಡ. ನಾವು ಮಕ್ಕಳನ್ನ ಕರ್ಕೊಂಡು ಹೋದಾಗ ಕುಮಟಾ ಪ್ಯಾಟ್ಯಾಗ ಉಳದು ಬೆಳಿಗ್ಗೆ ಎದ್ದು ಗೋಕರ್ಣಕ್ಕ ಹೋಗಿ ಸಂಜಿಗೆ ವಾಪಸ್ ಬಂದ್ವಿ, ಗೋಕರ್ಣದಾಗ ಹೇಳಿದ್ದರ ಅರ್ಧ ದರಕ್ಕ ಆತು. ಅದೂ ಅಲ್ದ ನಡುವ ಮಿರ್ಜಾನ್ ಕೋಟಿ ಸಿಗತದ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಹೆಸರಿನ ಕೋಟಿ, ಮಳೆಗಾಲ ಮುಗದ ಮ್ಯಾಲೆ ಗ್ವಾಡಿ ತುಂಬ ಹಸರು ಇನ್ನೂ ಇರತದ. ಹೊನ್ನಾವರದ ಕಾಸರಕೋಡ ಬೀಚಿಗೆ 2020ರಾಗ ಸ್ವಚ್ಛ ಬೀಚಿಗೆ ಕೊಡೂ ಬ್ಲೂ ಫ್ಲ್ಯಾಗ್ ಮನ್ನಣೆ ಬಂದದ, ಸ್ವಚ್ಛ ಶೌಚಾಲಯ, ಬಟ್ಟಿ ಬದಲಿಸೂ ಜಾಗ ಅದಾವ, ಹೆಣ್ಣುಮಕ್ಕಳ ಜೋಡಿ ಹೋಗವ್ರಿಗೆ ಇದು ಸಣ್ಣ ಮಾತಲ್ಲ.

ಕಾರಿನವ್ರಿಗೆ ಟೋಲ್ ಲೆಕ್ಕಕ್ಕ ಹಿಡೀರಿ, ಹೆಜಮಾಡಿ, ಸಾಸ್ತಾನ, ಶಿರೂರು, ಹೊಳೆಗದ್ದೆ, ಹಟ್ಟಿಕೇರಿ ಹಿಂಗ ಸಾಲಾಗಿ ಬರ್ತಾವ. ವರ್ಷಾ ಓಡಾಡವ್ರಾದ್ರ 2025ರ ಆಗಸ್ಟ್ 15ರಿಂದ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ಬಂದದ, ಆವಾಗ ಮೂರು ಸಾವಿರ ಇತ್ತು, ಇನ್ನೂರು ಸಲ ಟೋಲ್ ದಾಟೂದು ಇಲ್ಲಾ ಒಂದು ವರ್ಷ, ಯಾವುದು ಮೊದಲು ಮುಗೀತದೋ ಅದು. ಒಂದು ಟ್ರಿಪ್ಪಿಗೆ ಮಾಡಿಸಬ್ಯಾಡ್ರಿ.

ಮೈಸೂರಿನಿಂದ, ನಿಮ್ಮ ಅಕ್ಕನಿಗೆ:

ನಾನೂ ಅಮ್ಮನೂ ಬಸ್ಸು ರೈಲಲ್ಲೇ ಮಾಡಿದ್ದು, ಬೈಕಿಗಿಂತ ಕಮ್ಮಿಗೆ ಆಯ್ತು. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲ, ಇದು ಎಲ್ರಿಗೂ ಗೊತ್ತು, ಆದ್ರೆ ಗೊತ್ತಿರಬೇಕಾದ ಇನ್ನೊಂದು ವಿಷಯ ಏನಂದ್ರೆ ಮಂಗಳೂರು, ಉಡುಪಿ, ಕುಂದಾಪುರ ಈ ಕಡೆ ಓಡೋದು ಹೆಚ್ಚಾಗಿ ಪ್ರೈವೇಟ್ ಬಸ್ಸು, ಅದ್ರಲ್ಲಿ ಶಕ್ತಿ ನಡೆಯಲ್ಲ. ಐದೈದು ನಿಮಿಷಕ್ಕೆ ಬರತ್ತೆ, ಎಲ್ಲಿ ಕೈ ತೋರಿಸಿದ್ರೂ ನಿಲ್ಲಿಸ್ತಾರೆ, ಆದ್ರೆ ದುಡ್ಡು ಕೊಡಬೇಕು. ಬೈಂದೂರು ದಾಟಿ ಉತ್ತರ ಕನ್ನಡಕ್ಕೆ ಬಂದ್ರೆ ಸರ್ಕಾರಿ ಬಸ್ಸೇ ರಾಜ, ಅಲ್ಲಿ ಆಧಾರ್ ತೋರಿಸಿ ಕೂತ್ಕೊಳ್ಳೋದಷ್ಟೇ. ಹಾಗಾಗಿ ಬಸ್ಸಲ್ಲಿ ಬರೋ ಹೆಣ್ಮಕ್ಕಳು ಉಡುಪಿ ಕಡೆಗಿಂತ ಮುರ್ಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ಕಡೆ ದಿನ ಜಾಸ್ತಿ ಇಟ್ಕೊಂಡ್ರೆ ಖರ್ಚು ತಾನಾಗೇ ಇಳಿಯತ್ತೆ. ಬೆಂಗಳೂರು ಮುರ್ಡೇಶ್ವರ ರೈಲು ಮೈಸೂರು ಮೇಲೇ ಹೋಗತ್ತೆ, ನಮಗೆ ಅದೇ ಅನುಕೂಲ ಆಯ್ತು, ದಾವಣಗೆರೆಯವರಿಗೆ ಶಿರಸಿ ಕುಮಟಾ ಬಸ್ಸೇ ಸರಿ.

ಊಟದ ವಿಷಯಕ್ಕೆ ಬಂದ್ರೆ, ಉಡುಪಿ ಕೃಷ್ಣ ಮಠ, ಕುಂಭಾಶಿ ಆನೆಗುಡ್ಡೆ, ಕೊಲ್ಲೂರು, ಗೋಕರ್ಣದ ಅಮೃತಾನ್ನ, ಎಲ್ಲಾ ಕಡೆ ಮಧ್ಯಾಹ್ನ ಪ್ರಸಾದದ ಊಟ ಇದೆ. ಬಿಸಿ ಅನ್ನ, ಸಾರು, ಪಾಯಸ, ನೆಲದ ಮೇಲೆ ಸಾಲಾಗಿ ಕೂತು ತಿನ್ನೋದು. ದುಡ್ಡು ಕೇಳಲ್ಲ, ಆದ್ರೆ ನಾವು ಪ್ರತಿ ಕಡೆ ಹುಂಡಿಗೆ ಕೈಲಾದಷ್ಟು ಹಾಕಿ ಬಂದ್ವಿ, ನೀವೂ ಹಾಕಿ, ಅದು ಬರೀ ಖರ್ಚು ಉಳಿಸೋ ಜಾಗ ಅಲ್ಲ. ಬೀಚಿನ ಬಟ್ಟೆಯಲ್ಲೇ ಒಳಗೆ ಹೋಗಬೇಡಿ, ಒಂದು ಜೊತೆ ಒಣ ಚೂಡಿದಾರ್, ಪಂಚೆ ಬ್ಯಾಗಲ್ಲಿ ಮೇಲೇ ಇಟ್ಕೊಳ್ಳಿ.

ಅಂಕೋಲಾದಿಂದ:

ಟೆಂಟಿನ ಬಗ್ಗೆ ಯಾರೂ ಹೇಳ್ಲಿಲ್ಲ, ಅದನ್ನ ನಾನು ಹೇಳ್ತೆ. ಬೀಚಿನಲ್ಲಿ ಸುಮ್ಮನೆ ಟೆಂಟ್ ಹಾಕಿ ಮಲಗೋದು ಬೇಡ. ರಾತ್ರಿ ಪೊಲೀಸ್ರು ಬಂದು ಎಬ್ಬಿಸ್ತಾರೆ, ಅದು ಒಂದು. ಭರತ, ಅಂದ್ರೆ ಸಮುದ್ರದ ನೀರು, ಏರಿದ್ರೆ ಸಂಜೆ ನೋಡಿದ ಒಣ ಮರಳು ನಡುರಾತ್ರಿ ಒದ್ದೆ ಆಗಿರ್ತದೆ, ಅದು ಎರಡನೇದು. ಮತ್ತೆ ಹೊನ್ನಾವರದ ಕಾಸರಕೋಡ ಟೊಂಕದಂಥ ಕಡೆ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡೋಕೆ ದಡಕ್ಕೆ ಬರ್ತವೆ, ಬೆಂಕಿ, ಟಾರ್ಚು, ಹಾಡು ಇದ್ರೆ ಅವು ತಿರುಗಿ ಹೋಗ್ತವೆ. ಟೆಂಟ್ ಇದ್ರೆ ಹೋಮ್‌ಸ್ಟೇಯವರ ಹತ್ರ ಕೇಳಿ, ಅವರ ತೆಂಗಿನ ತೋಟದಲ್ಲಿ ಹಾಕೋಕೆ ಕಮ್ಮಿ ದುಡ್ಡಿಗೆ ಬಿಡೋರು ಇದ್ದಾರೆ, ಸ್ನಾನಕ್ಕೆ ಬಾವಿ ನೀರೂ ಸಿಗ್ತದೆ.

ಮತ್ತೊಂದು, ಇದನ್ನ ದಯವಿಟ್ಟು ನಾಲ್ಕೂ ಜನ ಓದಿ. ನಮ್ಮ ಸಮುದ್ರ ಶಾಂತ ಕಂಡ್ರೂ ಒಳಸೆಳೆತ ಇರ್ತದೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದ ನಾಲ್ಕು ಶಾಲಾ ಹುಡುಗಿಯರು ತೀರಿಕೊಂಡ್ರು, ಅದು ಮಳೆಗಾಲವೂ ಅಲ್ಲ. ಬಯಲುಸೀಮೆಯಲ್ಲಿ ಕೆರೆ, ಬಾವಿಯಲ್ಲಿ ಈಜು ಬರ್ತದೆ ಅನ್ನೋ ಧೈರ್ಯ ಇಲ್ಲಿ ಉಪಯೋಗ ಇಲ್ಲ. ಅಲೆ ಒಡೆಯೋ ಸಾಲಿನ ಮಧ್ಯೆ ಒಂದು ಕಡೆ ಮಾತ್ರ ಅಲೆ ಇಲ್ದೆ ನೀರು ಸಪಾಟಾಗಿ ಕಂಡ್ರೆ ಅದೇ ಒಳಗೆ ಎಳೆಯೋ ಜಾಗ ಆಗಿರಬಹುದು, ಹೊಸಬ್ರು ಇಲ್ಲಿ ಅಲೆ ಇಲ್ಲ ಅಂತ ಅಲ್ಲೇ ಇಳೀತಾರೆ. ಸಿಕ್ಕಿಬಿದ್ರೆ ದಡಕ್ಕೆ ನೇರ ಈಜಬೇಡಿ, ದಡದ ಉದ್ದಕ್ಕೆ ಅಡ್ಡ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬನ್ನಿ. ಲೈಫ್‌ಗಾರ್ಡ್ ಇದ್ದಲ್ಲಿ ಮಾತ್ರ ಇಳೀರಿ, ಸೀಟಿ ಊದಿದ್ರೆ ವಾದ ಮಾಡಬೇಡಿ. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ, ಹಾಫ್ ಮೂನ್, ಪ್ಯಾರಡೈಸ್‌ಗೆ ಗುಡ್ಡದ ದಾರಿಯಲ್ಲಿ ನಡೀಬಹುದು, ಚೆನ್ನಾಗಿದೆ, ಆದ್ರೆ ಕತ್ತಲಾಗೋ ಮುಂಚೆ ವಾಪಸ್ ಬರೋ ಹಾಗೆ ಹೊರಡಿ, ಬಂಡೆ ಮೇಲೆ ಸೆಲ್ಫಿಗೆ ಹತ್ತಬೇಡಿ.

ನವೆಂಬರ್ ಕೊನೆ ಆರಿಸಿದ್ದು ಒಳ್ಳೇದಾಯ್ತು. ಜೂನ್ ಜುಲೈಯಲ್ಲಿ ಯಾಂತ್ರಿಕ ಬೋಟಿಗೆ 61 ದಿನ ಮೀನುಗಾರಿಕೆ ನಿಷೇಧ, ಆಗ ನಾಡದೋಣಿ ಮೀನು ಮಾತ್ರ, ಊಟದ ರೇಟೂ ಮೇಲೆ. ಘಟ್ಟದ ಕೆಳಗೆ ಮಳೆ ಹೇಗಿರ್ತದೆ ಅಂತ 2024ರ ಜುಲೈ 16ರಂದು ನಮ್ಮ ಶಿರೂರಲ್ಲಿ ಗುಡ್ಡ ಹೈವೇ ಮೇಲೇ ಬಂದಾಗ ಇಡೀ ರಾಜ್ಯ ನೋಡಿದೆ. ಬೈಂದೂರು ಹತ್ರದ ಶಿರೂರು ಬೇರೆ, ಇದು ಅಂಕೋಲಾದ್ದು. ನವೆಂಬರಿನಲ್ಲಿ ಬಂಗಡೆ, ತಾರ್ಲೆ ಮೀನು ಸಿಗೋ ಕಾಲ. ಮೀನೂಟಕ್ಕೆ ಬೋರ್ಡ್ ದೊಡ್ಡದಿರೋ ಹೋಟೆಲ್ ಬಿಟ್ಟು ಬಸ್‌ಸ್ಟ್ಯಾಂಡ್ ಹಿಂದಿನ ಖಾನಾವಳಿಗೆ ಹೋಗಿ, ಮಧ್ಯಾಹ್ನ ಒಂದು ಗಂಟೆ ಒಳಗೆ, ತಡ ಆದ್ರೆ ಸಾರು ಮಾತ್ರ ಉಳಿದಿರ್ತದೆ. ಅನ್ನ, ಮೀನ್‌ಸಾರು, ಒಂದು ಒಣಮೀನಿನ ಚಟ್ನಿ, ಸೋಲಕಡಿ, ಅಷ್ಟಾದ್ರೆ ಸಾಕಲ್ಲ. ಫ್ರೈ ಆರ್ಡರ್ ಮಾಡೋ ಮುಂಚೆ ರೇಟ್ ಕೇಳಿ, ಊಟಕ್ಕಿಂತ ಫ್ರೈಯೇ ದುಬಾರಿ ಆಗೋದು, ಪಾಪ್ಲೆಟ್ ಇಸ್ವಾಣ ಬಿಟ್ಟು ಬಂಗಡೆ ತಗೊಳ್ಳಿ.

ಟೈಮ್ ಇದ್ರೆ ಕುಮಟಾದಿಂದ ಗೋಕರ್ಣಕ್ಕೆ ಹೈವೇ ಸುತ್ತೋ ಬದಲು ಅಘನಾಶಿನಿ ಊರಿಗೆ ಹೋಗಿ ಬೋಟಲ್ಲಿ ತದಡಿಗೆ ದಾಟಿ, ಬೈಕೂ ಹತ್ತಿಸ್ಕೊಳ್ತಾರೆ. ಹೊಳೆಯಲ್ಲಿ ಬೆಳಚು, ಅಂದ್ರೆ ಚಿಪ್ಪುಮೀನು, ತೆಗೆಯೋರು ಕಾಣ್ತಾರೆ. ಕೊನೇ ಬೋಟು ಎಷ್ಟಕ್ಕೆ ಅಂತ ಮೊದ್ಲೇ ಕೇಳ್ಕೊಳ್ಳಿ.

ದಾವಣಗೆರೆಯಿಂದ ಮತ್ತೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಮನೇಲಿ ಕೂತು ಎಲ್ಲಾ ಜೋರಾಗಿ ಓದಿದ್ವಿ. ಉಡುಪಿಯಿಂದ ಗೋಕರ್ಣ ಅಂತ ಫಿಕ್ಸ್ ಆಯ್ತು, ಸೋಮವಾರ ಹೊರಡ್ತೀವಿ, ಶುಕ್ರವಾರ ರಾತ್ರಿಗೆ ಮನೆ. ಅಕ್ಕ ಕುಮಟಾಕ್ಕೆ ನೇರ ಬಸ್ಸಲ್ಲಿ ಬರ್ತಾಳೆ. ಟೆಂಟ್ ಮನೇಲೇ ಇರತ್ತೆ. ಇನ್ನೊಂದೇ ಪ್ರಶ್ನೆ, ಉಳಿದಿರೋ ಐನೂರಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗೋದಾ ನೇತ್ರಾಣಿಗೆ ಹೋಗೋದಾ?

ಕುಂದಾಪುರದಿಂದ:

ನೇತ್ರಾಣಿ ಸ್ಕೂಬಾ ಮಾಡುವವ್ರಿಗೆ, ಅದು ನಿಮ್ಮ ಬಜೆಟ್ಟಿಗೆ ಸೇರುದಿಲ್ಲ, ಕೆಲಸ ಸಿಕ್ಕಿದ ಮೇಲೆ ಬನ್ನಿ. ಸೇಂಟ್ ಮೇರಿಸ್‌ಗೆ ಹೋಗಿ. ಮಡಗಾಸ್ಕರ್ ಭಾರತದಿಂದ ಬೇರೆ ಆದ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ತಣ್ಣಗಾಗಿ ಮೂಲೆ ಮೂಲೆ ಕಂಬಗಳಾಗಿ ನಿಂತದ್ದು ಅಲ್ಲಿ ಕೈಯಲ್ಲಿ ಮುಟ್ಟಿ ನೋಡ್ಬಹುದು. ಮಲ್ಪೆಯಿಂದ ಬೋಟು, ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಬಂಡೆ ಕಾದು ನಿಲ್ಲುವ ಹಾಗಿರುದಿಲ್ಲ, ನೆರಳೂ ಕಮ್ಮಿ. ವಾರದ ದಿನ ಬೋಟು ತುಂಬುವ ತನಕ ಕಾಯಿಸ್ತಾರೆ, ಅಷ್ಟು ಹೊತ್ತಿಗೆ ಕೋಡಿಬೆಂಗ್ರೆ ತಪ್ಪಿದ್ರೂ ಪರವಾಗಿಲ್ಲ. ಅಲ್ಲಿ ನೀರಿಗೆ ಇಳೀಬೇಡಿ, ಕಲ್ಲು ಚೂರು ಜೇಬಿಗೆ ಹಾಕ್ಕೊಂಡು ಬರ್ಬೇಡಿ. ಮತ್ತೆ ಆಗುಂಬೆಯ ಹದಿನಾಲ್ಕು ತಿರುವು ಇಳಿಯುವ ಮೊದ್ಲು ಎರಡೂ ಬೈಕಿನ ಹಿಂದಿನ ಬ್ರೇಕು ದಾವಣಗೆರೆಯಲ್ಲೇ ಒಮ್ಮೆ ತೋರಿಸ್ಕೊಂಡು ಬನ್ನಿ, ಸೆಕೆಂಡ್ ಗೇರಲ್ಲೇ ಇಳಿಸಿ.